ತಾರೀಖಿನ ಮಗ್ಗುಲು

ಚೆಂಬೂರು ನಾಕಾ ದಾಟಿ ಟ್ರಾಂಬೆ ಕಡೆಗೆ ಹೊರಳಿದರೆ ಬಸ್ ಸ್ಟಾಪಿನ ಹಿಂದೆ ತಗಡಿನ ಮಾಡಿನ ಅಂಗಡಿಗಳ ಒಂದು ಸಾಲು ಇದೆ. ಅದರಲ್ಲಿ ಮೂರನೆಯದು ಶಶಿಕಾಂತನದು. ಸಿಂದಗಿ ಕಡೆಯ ಹಳ್ಳಿಯಿಂದ ಹತ್ತೊಂಬತ್ತನೇ ವಯಸ್ಸಿಗೆ ಸೋದರಮಾವನ ಬೆನ್ನುಹತ್ತಿ ಮುಂಬೈಗೆ ಬಂದವನು, ರಿಫೈನರಿ ಗೇಟಿನ ಹೊರಗೆ ನಿಲ್ಲುವ ಟ್ಯಾಂಕರುಗಳ ಪಂಕ್ಚರ್ ತಿದ್ದುತ್ತಲೇ ಈ ಕಸುಬು ಕಲಿತ. ಈಗ ಅವನಿಗೆ ಐವತ್ತೊಂದು. ಟೈರು ಮಾರುತ್ತಾನೆ, ಚಕ್ರದ ಅಲೈನ್‌ಮೆಂಟ್ ಮಾಡುತ್ತಾನೆ. ಟೈರಿಗೆ ಬೆರಳ ಗೆಣ್ಣಿನಿಂದ ಒಮ್ಮೆ ಬಡಿದು ಗಾಳಿ ಎಷ್ಟಿದೆ ಎಂದು ಹೇಳಿಬಿಡುತ್ತಾನೆ. ಆಮೇಲೆ ಮೀಟರ್ ಹಚ್ಚಿ ನೋಡಿದರೆ ಹೆಚ್ಚೆಂದರೆ ಒಂದು ಅಂಕಿ ಆಚೀಚೆ. ಟ್ಯಾಕ್ಸಿಯವರು, ಕಾಲೋನಿಯ ಸ್ಕೂಟರಿನವರು ಎಲ್ಲರೂ ಅವನನ್ನು ಮರಾಠಿಯಲ್ಲಿ ಶಶಿಭಾವು, ಅಂದರೆ ಶಶಿಯಣ್ಣ ಎನ್ನುತ್ತಾರೆ. ಶಶಿಭಾವು ಹೇಳಿದ ಮೇಲೆ ಇನ್ನೊಬ್ಬರನ್ನು ಕೇಳುವ ಪದ್ಧತಿ ಆ ರಸ್ತೆಯಲ್ಲಿ ಇರಲಿಲ್ಲ. ಈ ಹೆಸರಿನ ಮೇಲೆ ಅವನಿಗೆ ಎಷ್ಟು ಆಸೆ ಇತ್ತೆಂಬುದು ಅವನಿಗೇ ಗೊತ್ತಿರಲಿಲ್ಲ.

ಹೋದ ದೀಪಾವಳಿ ಮುಗಿದ ವಾರ ವಿಜೇತಾ ಬಂದಳು. ಇಪ್ಪತ್ತೇಳರ ಹುಡುಗಿ, ವಿಕ್ರೋಳಿಯ ಒಂದು ಕಂಪನಿಯಲ್ಲಿ ಕೆಲಸ. ಅವಳ ತಂದೆ ಕಾಂತಪ್ಪನವರು ಮಾಟುಂಗದ ಒಂದು ಉಡುಪಿ ಹೋಟೆಲಿನ ಮ್ಯಾನೇಜರು. ಹನ್ನೆರಡು ವರ್ಷದಿಂದ ಅವರ ಸ್ಕೂಟರಿನ ಟೈರು ಬದಲಾಗುತ್ತಿದ್ದುದು ಶಶಿಕಾಂತನ ಕೈಯಲ್ಲೇ. ವಿಜೇತಾ ಸ್ವಂತ ಸಂಬಳದಲ್ಲಿ ಹತ್ತು ವರ್ಷ ಹಳೆಯ ಒಂದು ಕೆಂಪು ಕಾರು ಕೊಂಡಿದ್ದಳು. ಅದನ್ನು ಅಂಗಡಿಯ ಮುಂದೆ ನಿಲ್ಲಿಸಿ, ಮೊಬೈಲ್ ಹಿಡಿದುಕೊಂಡೇ ಇಳಿದಳು.

"ಅಂಕಲ್, ನಾನು ಟ್ರ್ಯಾಕ್ ಡೇಗೆ ಹೋಗ್ತಿದ್ದೇನೆ. ಫಸ್ಟ್ ಟೈಮ್. ಟೈರ್ ಚೇಂಜ್ ಮಾಡ್ಬೇಕು."

ಶಶಿಕಾಂತನಿಗೆ ಅದೇನೆಂದು ತಿಳಿಯಲಿಲ್ಲ. ಆದರೂ "ಹಾಂ, ಗೊತ್ತೈತಿ" ಅಂದ. ಅವಳು ಪುಣ್ಯಕ್ಕೆ ತಾನಾಗಿಯೇ ಬಿಡಿಸಿ ಹೇಳಿದಳು. ಪುಣೆಯ ಆಚೆ ಗುಡ್ಡದ ಮೇಲೆ ರೇಸಿನ ದಾರಿಯೊಂದಿದೆ. ತಿಂಗಳಿಗೊಂದು ಭಾನುವಾರ ಯಾರು ಬೇಕಾದರೂ ಹೆಸರು ಹಚ್ಚಿ ತಮ್ಮ ಸ್ವಂತ ಕಾರನ್ನು ಅಲ್ಲಿ ಓಡಿಸಬಹುದು. ಪೈಪೋಟಿ ಇಲ್ಲ, ಬಹುಮಾನ ಇಲ್ಲ. ಎದುರಿಗೆ ಬರುವ ರಿಕ್ಷಾ, ನಾಯಿ, ಗುಂಡಿ ಯಾವುದೂ ಇಲ್ಲ. ಪಕ್ಕದಲ್ಲಿ ಕುಳಿತು ಕಲಿಸುವವನೊಬ್ಬ ಇರುತ್ತಾನೆ. ಹೇಳುವಾಗ ಅವಳ ಮುಖ ಅರಳಿತ್ತು. ಆಫೀಸಿನ ಸಂದೀಪ ಎಂಬವನು ಎರಡು ಸಲ ಹೋಗಿ ಬಂದಿದ್ದನಂತೆ, ಅವನು ಒಂದು ಪಟ್ಟಿ ಬರೆದುಕೊಟ್ಟಿದ್ದ. ಕಾರಿನ ಜೊತೆಗೇ ಬಂದ ಹದಿನಾಲ್ಕು ಇಂಚಿನ ಉಕ್ಕಿನ ಚಕ್ರವೇ ಸಾಕು, ಬದಲಿಸಬೇಡ. ದುಬಾರಿ ರೇಸ್ ಟೈರು ಬೇಡ. ಒಳ್ಳೆಯ ಸಾದಾ ಟೈರು ಜಾರುವ ಮುಂಚೆ ಕಿರುಚುತ್ತದೆ, ಹೊಸಬರಿಗೆ ಆ ಕಿರುಚಾಟವೇ ಮೇಷ್ಟ್ರು. ಆದರೆ ಟೈರು ತಾಜಾ ಇರಬೇಕು.

ಪಟ್ಟಿ ಸರಿಯಾಗಿಯೇ ಇತ್ತು. ಬೇರೆ ಯಾರಾದರೂ ಹೇಳಿದ್ದರೆ ಶಶಿಕಾಂತನೂ ಹೌದೆನ್ನುತ್ತಿದ್ದ. ಆದರೆ ಯಾವನೋ ಆಫೀಸಿನ ಹುಡುಗ ತನ್ನ ಅಂಗಡಿಗೆ ಚೀಟಿ ಬರೆದು ಕಳಿಸುವುದೆಂದರೇನು? ಅಷ್ಟರಲ್ಲಿ ಅವನ ಕಣ್ಣು ಮೇಲಿನ ಅಟ್ಟಕ್ಕೆ ಹೋಯಿತು.

ಅಟ್ಟದ ಮೇಲೆ, ಕರಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ನಾಲ್ಕು ಟೈರುಗಳಿದ್ದವು. ಪರದೇಶದ ಮಾಲು, ಹದಿನೈದು ಇಂಚಿನವು. ಕಾರಿನ ಹುಚ್ಚಿನ ಗಿರಾಕಿಯೊಬ್ಬ ಬೇಕೇ ಬೇಕೆಂದು ತರಿಸಿ, ಒಯ್ಯುವ ಮುಂಚೆಯೇ ವರ್ಗವಾಗಿ ಹೋಗಿದ್ದ. ಅಂದಿನಿಂದ ಶಶಿಕಾಂತ ಅವನ್ನು ಒಡವೆಯಂತೆ ಕಾದಿದ್ದ. ರಸಿಕರು ಬಂದಾಗ ಇಳಿಸಿ ತೋರಿಸುವುದು, ಮತ್ತೆ ಸುತ್ತಿ ಇಡುವುದು. ಮುಂಬೈಯ ಏಳು ಬೇಸಿಗೆ ಆ ತಗಡಿನ ಕೆಳಗೆ ಅವು ಬೆಂದಿದ್ದವು.

"ಚೀಟಿ ಒಳಗಿಡು ತಂಗಿ. ರೇಸಿಗೆ ಹೊಂಟಾಕಿ ತರಕಾರಿ ತರೋ ಗಾಡಿ ಟೈರ್ ಹಾಕ್ಕೊಂಡು ಹೋಗ್ತೀಯೇನು? ಹದಿನೈದಿಂಚಿನ ಅಲಾಯ್ ಗಾಲಿ ಹಾಕು. ಟೈರ್ ನನ್ನ ಹತ್ರ ಅದಾವ. ನೋಡು ಬಾ."

ಅವಳು ಎರಡು ದಿನ ಯೋಚಿಸಿದಳು. ಮೂರನೇ ದಿನ ಮನೆಯಿಂದ ಮೈತೂಕದ ಯಂತ್ರವನ್ನೇ ಹೊತ್ತುಕೊಂಡು ಬಂದಳು. ಶಶಿಕಾಂತ ತೋರಿಸಿದ ಐದು ಬಗೆಯ ಅಲಾಯ್ ಚಕ್ರಗಳನ್ನೂ ತನ್ನ ಹಳೆಯ ಉಕ್ಕಿನ ಚಕ್ರವನ್ನೂ ಒಂದೊಂದಾಗಿ ಅದರ ಮೇಲಿಟ್ಟು ತೂಗಿದಳು. ಹೊಳೆಯುವ, ಕಡ್ಡಿ ಕಡ್ಡಿ ವಿನ್ಯಾಸದ ಚಂದದ ಚಕ್ರಗಳು ಉಕ್ಕಿನದಕ್ಕಿಂತ ಭಾರ ಬಂದವು. ಯಾರೂ ಮೂಸದ ಬೂದು ಬಣ್ಣದ್ದೊಂದು ಹಗುರ ಬಂತು. "ಇದೇ ಅಂಕಲ್, ವೀಲ್ ಹಗುರ ಇದ್ದಷ್ಟೂ ಕಾರ್ ಚುರುಕು" ಎಂದಳು. ಶಶಿಕಾಂತನಿಗೆ ಒಳಗೊಳಗೇ ಮೆಚ್ಚುಗೆ. ಮೂವತ್ತು ವರ್ಷದಲ್ಲಿ ಚಕ್ರವನ್ನು ತೂಗಿ ಕೊಂಡವರನ್ನು ಅವನು ಕಂಡಿರಲಿಲ್ಲ.

"ಟೈರ್ ಫ್ರೆಶ್ ಇದ್ಯಲ್ಲ ಅಂಕಲ್?"

"ಹೊಸಾವ. ಒಂದ ದಿನಾನೂ ರೋಡ್ ಮುಟ್ಟಿಲ್ಲ."

ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವಳು ಕೇಳಿದ್ದಕ್ಕೆ ಅದು ಉತ್ತರವೂ ಆಗಿರಲಿಲ್ಲ.

ಟೈರು ಯಾವಾಗ ತಯಾರಾಯಿತೆಂಬುದು ಅದರ ಮೈಮೇಲೇ ಒತ್ತಿರುತ್ತದೆ. ನಾಲ್ಕು ಅಂಕಿ: ಮೊದಲೆರಡು ವಾರ, ಕೊನೆಯೆರಡು ವರ್ಷ. ಆದರೆ ಆ ಅಂಕಿ ಒಂದೇ ಮಗ್ಗುಲಿಗೆ ಇರುತ್ತದೆ. ವಿಜೇತಾ ಫೋನಿನಲ್ಲಿ ಮಾತಾಡುತ್ತ ಹೊರಗೆ ನಿಂತಿದ್ದಳು. ಶಶಿಕಾಂತ ಮೊದಲ ಟೈರನ್ನು ಯಂತ್ರಕ್ಕೆ ಏರಿಸಿದ. 2318 ಎಂದಿತ್ತು. ಹದಿನೆಂಟನೇ ಇಸವಿಯ ಜೂನ್. ಒಂದು ಗಳಿಗೆ ನಿಂತ. ಆಮೇಲೆ ಟೈರನ್ನು ತಿರುವಿ, ಅಂಕಿಯ ಮಗ್ಗುಲು ಒಳಗೆ ಹೋಗುವಂತೆ ಕೂರಿಸಿದ. ಎರಡನೆಯದನ್ನೂ ಹಾಗೆಯೇ. ಮೂರು, ನಾಲ್ಕನೆಯದಕ್ಕೆ ನಿಲ್ಲಲೂ ಇಲ್ಲ.

ಎಲ್ಲ ಮುಗಿದ ಮೇಲೆ ಅವಳು ಮೊಣಕಾಲೂರಿ ಕುಳಿತು ಟೈರಿನ ಸುತ್ತ ಬೆರಳಾಡಿಸಿದಳು.

"ಡೇಟ್ ಎಲ್ಲಿದೆ? ವೀಡಿಯೋದಲ್ಲಿ ಫೋರ್ ನಂಬರ್ಸ್ ಇರುತ್ತೆ ಅಂದ್ರು."

"ಕೆಲವಕ್ಕ ಇರೂದಿಲ್ಲ ತಂಗಿ. ಫಾರಿನ್ ಮಾಲು ಅಲ್ಲೇನು."

"ಓಕೆ ಅಂಕಲ್" ಎಂದು ಅವಳು ಎದ್ದು ಕೈ ಝಾಡಿಸಿಕೊಂಡಳು. ಅಷ್ಟು ಸಲೀಸಾಗಿ ನಂಬಿದಳು.

ಶನಿವಾರ ಕಾಂತಪ್ಪನವರು ಸ್ಕೂಟರಿನಲ್ಲಿ ಬಂದರು. ಹೋಟೆಲಿನ ಗೋಳಿಬಜೆಯ ಪೊಟ್ಟಣ ಶಶಿಕಾಂತನ ಕೈಗೆ ಕೊಟ್ಟು, ಇಳಿಯದೆಯೇ ಹೇಳಿದರು. "ನನಗೆ ಇದೆಲ್ಲ ಮನಸ್ಸಿಲ್ಲ ಮಾರಾಯ್ರೆ. ಆದರೆ ಅವಳು ಕೇಳುವ ಜನ ಅಲ್ಲ. ಚಕ್ರ ಹಾಕಿದ್ದು ನೀವು ಅಂತ ಗೊತ್ತಾಯ್ತು, ಸ್ವಲ್ಪ ಸಮಾಧಾನ. ಎಲ್ಲ ಸರಿ ಉಂಟಲ್ಲ?"

"ಸರಿ ಅದರಿ" ಅಂದ ಶಶಿಕಾಂತ. ಗೋಳಿಬಜೆ ಇನ್ನೂ ಬಿಸಿ ಇತ್ತು. ಆಗಲೂ ಹೇಳಬಹುದಿತ್ತು. ಒಂದು ದಿನ ಬಾಕಿ ಇತ್ತು.

ಭಾನುವಾರ ಇಡೀ ದಿನ ಅವನಿಗೆ ಏನೂ ತೋಚಲಿಲ್ಲ. ಸೋಮವಾರ ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವಾಗ ಫೋನಿನಲ್ಲಿ ವಿಜೇತಾಳ ಧ್ವನಿ ಸಂದೇಶ ಬಂದಿತ್ತು. ಆಸ್ಪತ್ರೆಯಿಂದ ಕಳಿಸಿದ್ದಳು.

"ಅಂಕಲ್, ನಿಮಗೆ ಹೇಳ್ಬೇಕು ಅನ್ನಿಸ್ತು. ಮಧ್ಯಾಹ್ನದ ರೌಂಡ್‌ನಲ್ಲಿ ಕಾರ್ ಟರ್ನ್ ಆಗ್ಲಿಲ್ಲ, ಸೀದಾ ಹೋಗಿ ಗೋಡೆಗೆ ಹೊಡ್ದೆ. ಭುಜದ ಎಲುಬು ಫ್ರ್ಯಾಕ್ಚರ್. ಬೇರೆ ಯಾರಿಗೂ ಏನೂ ಆಗಿಲ್ಲ. ನನ್ನದೇ ಮಿಸ್ಟೇಕ್. ಬ್ರೇಕ್ ಲೇಟ್ ಮಾಡಿದೆ ಅಂತ ಇನ್‌ಸ್ಟ್ರಕ್ಟರ್ ಹೇಳಿದ್ರು. ಟೈರ್ ಒಂದು ಸಲವೂ ಸೌಂಡ್ ಮಾಡ್ಲಿಲ್ಲ, ಅಷ್ಟು ಚೆನ್ನಾಗಿತ್ತು. ಸಾರಿ ಅಂಕಲ್, ನಿಮ್ಮ ಹೊಸ ವೀಲ್ಸ್‌ಗೆ ಸ್ಕ್ರ್ಯಾಚ್ ಮಾಡ್ದೆ."

ಶಶಿಕಾಂತ ಶಟರನ್ನು ಅರ್ಧಕ್ಕೇ ಬಿಟ್ಟು ಮೆಟ್ಟಿಲ ಮೇಲೆ ಕುಳಿತ. ಟೈರ್ ಸದ್ದು ಮಾಡಲಿಲ್ಲವಂತೆ. ಮೆತ್ತಗಿನ ರಬ್ಬರು ಜಾರುವ ಮುಂಚೆ ಕೂಗಿ ಹೇಳುತ್ತದೆ. ಒಣಗಿ ಗಟ್ಟಿಯಾದದ್ದು ಏನೂ ಹೇಳದೆ ಕೈಬಿಡುತ್ತದೆ. ಇದು ಅವನಿಗೆ ಯಾರಾದರೂ ಕಲಿಸಬೇಕಾದ ಮಾತಾಗಿರಲಿಲ್ಲ.

ಅವಳನ್ನು ನೋಡಲು ಆಸ್ಪತ್ರೆಗೆ ಹೋದ. ಎಳನೀರು ಒಯ್ದಿದ್ದ. ಎದೆಗೆ ಅಡ್ಡಲಾಗಿ ಪಟ್ಟಿ ಕಟ್ಟಿಕೊಂಡು ಕುಳಿತಿದ್ದವಳು "ಅಂಕಲ್, ನೀವು ಯಾಕೆ ಬಂದ್ರಿ, ಅಂಗಡಿ ಬಿಟ್ಟು" ಎಂದಳು. ಕಾಂತಪ್ಪನವರು ಅವನಿಗೆ ಕುರ್ಚಿ ಬಿಟ್ಟುಕೊಟ್ಟು ತಾವು ನಿಂತರು. ಹೇಳಬೇಕೆಂದೇ ಹೋಗಿದ್ದವನಿಗೆ, ಆ ಕುರ್ಚಿಯಲ್ಲಿ ಕುಳಿತ ಮೇಲೆ ಬಾಯಿ ಬರಲಿಲ್ಲ.

ಎರಡು ತಿಂಗಳು ಕಳೆಯಿತು. ಜನವರಿಯಲ್ಲಿ ಕಾಂತಪ್ಪನವರೇ ಆ ಕೆಂಪು ಕಾರನ್ನು ಓಡಿಸಿಕೊಂಡು ಬಂದರು. ಗ್ಯಾರೇಜಿನಲ್ಲಿ ಮುಂಭಾಗವೆಲ್ಲ ರಿಪೇರಿಯಾಗಿತ್ತು, ಚಕ್ರದ ಅಲೈನ್‌ಮೆಂಟ್ ಒಂದು ಬಾಕಿ.

"ಸರಿ ಮಾಡಿಡಿ. ಯಾರಾದರೂ ಗಿರಾಕಿ ಇದ್ದರೆ ಹೇಳಿ, ಮಾರಿಬಿಡುವುದು ಅಂತ ಉಂಟು" ಎಂದರು.

"ಯಾಕ್ರಿ? ವಿಜೇತಾಗ ಬ್ಯಾಡೇನು?"

"ಅವಳು ಸ್ಟಿಯರಿಂಗ್ ಮುಟ್ಟುವುದಿಲ್ಲ. ವಿಕ್ರೋಳಿಗೆ ಲೋಕಲ್‌ನಲ್ಲಿ ಹೋಗುತ್ತಾಳೆ, ಆ ನೋವಿನ ಭುಜ ಇಟ್ಟುಕೊಂಡು ರಶ್ಶಿನಲ್ಲಿ. ಮೊನ್ನೆ ನಾನೇ ಒತ್ತಾಯ ಮಾಡಿ ಕಾರಿನಲ್ಲಿ ಕೂರಿಸಿದೆ. ಸಿಗ್ನಲ್ ತನಕ ಹೋಗುವಷ್ಟರಲ್ಲಿ ಬದಿಗೆ ನಿಲ್ಲಿಸಿ ಇಳಿದುಬಿಟ್ಟಳು. ನನಗೆ ಡ್ರೈವಿಂಗ್ ಬರುವುದಿಲ್ಲ ಅಪ್ಪ, ಬರ್ತದೆ ಅಂತ ನಾನು ಅಂದುಕೊಂಡಿದ್ದಷ್ಟೇ, ಅಂತ ಹೇಳುತ್ತಾಳೆ." ಕಾಂತಪ್ಪನವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ಒಂದು ರೀತಿಯಲ್ಲಿ ಒಳ್ಳೆಯದೇ ಆಯ್ತು ಅಂತ ನನಗೆ ಅನ್ನಿಸಬೇಕಿತ್ತು. ಆದರೆ ಹಾಗೆ ಅನ್ನಿಸುವುದಿಲ್ಲ ಮಾರಾಯ್ರೆ."

ಅವರು ಹೋದ ಮೇಲೆ ಶಶಿಕಾಂತ ಕಾರನ್ನು ಎತ್ತಿ ನಾಲ್ಕೂ ಚಕ್ರ ಬಿಚ್ಚಿದ. ಈಗ ಈ ಟೈರುಗಳನ್ನು ಗುಜರಿಯವನಿಗೆ ಕೊಟ್ಟು ಬೇರೆ ಹಾಕಿದರೆ ಮುಗಿಯಿತು. ಕಾರು ಮಾರಿಹೋಗುತ್ತದೆ. ಯಾರಿಗೂ ಎಂದೆಂದಿಗೂ ತಿಳಿಯುವುದಿಲ್ಲ. ಅವನು ಗುಜರಿಯವನಿಗೆ ಫೋನನ್ನೂ ಮಾಡಿದ. ಸಂಜೆ ಬರುತ್ತೇನೆಂದ ಅವನು.

ಮಧ್ಯಾಹ್ನ ಹೆಂಡತಿ ರಾಧಿಕಾ ಎಂದಿನಂತೆ ಊಟದ ಡಬ್ಬಿ ತಂದಳು. ಗಂಡ ನೆಲದ ಮೇಲೆ ಕುಳಿತು, ತೊಡೆಯ ಮೇಲೆ ಟೈರಿಟ್ಟುಕೊಂಡು, ಒಂದೇ ಜಾಗವನ್ನು ಹೆಬ್ಬೆರಳಿಂದ ತಿಕ್ಕುತ್ತಿದ್ದ.

"ಏನದು?"

ಅವನು ಹೇಳಿದ. ಮೊದಲಿನಿಂದ ಕೊನೆಯವರೆಗೆ, ಅವಳ ಮುಖ ನೋಡದೆ. ರಾಧಿಕಾ ಡಬ್ಬಿಯನ್ನು ಬಿಚ್ಚಲಿಲ್ಲ.

"ಎರಡು ತಿಂಗಳಿಂದ ಯಾಕ ನಿದ್ದಿ ಮಾಡವಲ್ರಿ ಅಂತ ನಾ ಶುಗರ್ ಟೆಸ್ಟ್ ಮಾಡಿಸಿದೆ" ಅಂದಳು. ಡಬ್ಬಿಯನ್ನು ಅತ್ತ ಸರಿಸಿ, "ಹೇಳ್ರಿ ಆಕಿಗೆ."

"ಬ್ರೇಕ್ ತಡಾ ಮಾಡಿದ್ಲಂತ ಆ ಕಲಿಸಾವನ ಹೇಳ್ಯಾನ. ಟೈರಿಂದನ ಆತು ಅಂತ ನನಗರ ಹ್ಯಾಂಗ ಗೊತ್ತು?"

"ಗೊತ್ತಿಲ್ಲ ಹೌದಲ್ಲ? ಆಕಿಗೂ ಗೊತ್ತಾಗಬಾರದು ಅಂತ ತಿರುವಿ ಹಾಕೀರಿ. ನಿಮ್ಮ ಪಾಪ ಕಳೀಲಿ ಅಂತ ಅಲ್ರಿ ನಾ ಹೇಳೂದು. ಆ ಹುಡುಗಿ ತನ್ನ ಕೈನ ಬೈಕೋತ ಕುಂತಾಳ. ಅದಕ್ಕ ಹೇಳ್ರಿ."

ಗುಜರಿಯವನನ್ನು ಶಶಿಕಾಂತ ಬರಿಗೈಲಿ ಕಳಿಸಿದ.

ಶಶಿಕಾಂತ ಕರೆಸಿದ್ದಕ್ಕೆ ಶನಿವಾರ ವಿಜೇತಾ ಬಂದಳು. ಕಾರಿನ ಕಾಗದಕ್ಕೆ ಸಹಿ ಬೇಕಿರಬಹುದು ಅಂದುಕೊಂಡಿದ್ದಳು. ಶಶಿಕಾಂತ ಸ್ಟೂಲು ಒರೆಸಿ ಅವಳನ್ನು ಕೂರಿಸಿದ. ಟೈರನ್ನು ಉರುಳಿಸಿಕೊಂಡು ಬಂದು ಅವಳ ಮುಂದೆ ನಿಲ್ಲಿಸಿ, ಆ ನಾಲ್ಕು ಅಂಕಿಯ ಮೇಲೆ ಬೆರಳಿಟ್ಟ.

"ತಂಗಿ, ಇದು ಒಳಗಿನ ಮಗ್ಗಲಿಗೆ ಇತ್ತು. ನಾನ ತಿರುವಿ ಹಾಕಿದ್ದೆ."

ಅವಳು ಬಾಗಿ ಓದಿದಳು. ಲೆಕ್ಕ ಹಾಕುವುದು ಅವಳ ತುಟಿಯ ಮೇಲೆ ಕಾಣುತ್ತಿತ್ತು.

"ಸೆವೆನ್ ಇಯರ್ಸ್?"

"ಹೌದು."

"ನೀವು ಡೇಟ್ ಇರೂದಿಲ್ಲ ಅಂದ್ರಿ. ನಾನು ಕೇಳಿದ್ದೆ."

"ಹೌದು. ಸುಳ್ಳು ಹೇಳಿದೆ."

"ಕ್ಯೂಂ?" ಎಂದಳು. ಕನ್ನಡ ಬಿಟ್ಟುಹೋಗಿತ್ತು.

ಶಶಿಕಾಂತ ಕಾರಣ ಹುಡುಕಿದ. ಮಾಲು ಖರ್ಚಾಗಲಿ ಅಂತ ಅಂದಿದ್ದರೆ ಅವಳಿಗೆ ಸುಲಭವಾಗಿ ಅರ್ಥವಾಗುತ್ತಿತ್ತು, ಅವನಿಗೂ ಹಗುರಾಗುತ್ತಿತ್ತು. ಆದರೆ ನಿಜ ಅದಕ್ಕಿಂತ ಚಿಕ್ಕದಾಗಿತ್ತು. "ಆ ಸಂದೀಪನ ಚೀಟಿ ಸರಿ ಇತ್ತು. ಅದಕ್ಕ ನನಗ ಸಿಟ್ಟು ಬಂತು. ನನ್ನ ಹತ್ರ ಅದಕ್ಕಿಂತ ಭಾರೀ ಮಾಲು ಐತಿ ಅಂತ ತೋರಿಸಬೇಕಾಗಿತ್ತು. ಅಷ್ಟ."

ವಿಜೇತಾ ಎದ್ದು ನಿಂತಳು. ಒಳ್ಳೆಯ ಭುಜದ ಕೈಯಿಂದ ನೋವಿನ ಭುಜವನ್ನು ಹಿಡಿದುಕೊಂಡಳು.

"ಬೋನ್ ಮುರಿದದ್ದು ಬಿಡಿ ಅಂಕಲ್. ಅದು ಸರಿಯಾಯ್ತು. ಟೂ ಮಂಥ್ಸ್ ನಾನು ದಿನಾ ರಾತ್ರಿ ಆ ಟರ್ನ್ ತೆಗೀತಿದ್ದೇನೆ, ಕಣ್ಣು ಮುಚ್ಚಿ. ಎಲ್ಲಿ ತಪ್ಪು ಮಾಡಿದೆ, ಎಲ್ಲಿ ತಪ್ಪು ಮಾಡಿದೆ ಅಂತ. ಒಂದ್ಸಲ ನೀವು ಫೋನ್ ಮಾಡ್ಬಹುದಿತ್ತು. ಹಾಸ್ಪಿಟಲ್‌ಗೆ ಬಂದ್ರಿ ಅಲ್ವಾ? ಎಳನೀರು ತಂದ್ರಿ."

ಶಶಿಕಾಂತ ಟೈರನ್ನು ಗೋಡೆಗೆ ಒರಗಿಸಿಟ್ಟ.

"ಅಪ್ಪನಿಗೂ ನೀವೇ ಹೇಳಿ. ನಾನು ಹೇಳುವುದಿಲ್ಲ." ಅಷ್ಟು ಹೇಳಿ ಸ್ಟೇಷನ್ ಕಡೆ ನಡೆದಳು. ಕಾರಿನ ಕಡೆ ನೋಡಲಿಲ್ಲ.

ಮಾಟುಂಗಕ್ಕೆ ಅವನು ಸೋಮವಾರ ಹೋದ. ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಇನ್ನೂ ಶುರುವಾಗದ ಹೊತ್ತು. ಕಾಂತಪ್ಪನವರು ಗಲ್ಲೆಯ ಹಿಂದೆ ಪೇಪರ್ ಓದುತ್ತಿದ್ದರು. ಅವನನ್ನು ಕಂಡು ಖುಷಿಯಾಗಿ, ಮೂಲೆಯ ಟೇಬಲ್ಲಿಗೆ ಕರೆದೊಯ್ದು, ಎರಡು ಕಾಫಿಗೆ ಹೇಳಿದರು. ಕಾರಿಗೆ ಗಿರಾಕಿ ಸಿಕ್ಕಿರಬೇಕು ಎಂದೇ ಅವರ ಎಣಿಕೆ.

ಕಾಫಿ ಬರುವಷ್ಟರಲ್ಲಿ ಶಶಿಕಾಂತ ಎಲ್ಲ ಹೇಳಿ ಮುಗಿಸಿದ್ದ. ಕಾಂತಪ್ಪನವರ ಮುಖದಿಂದ ನಗು ಒಮ್ಮೆಲೇ ಹೋಗಲಿಲ್ಲ. ಎಲ್ಲಿ ನಿಂತಿತ್ತೋ ಅಲ್ಲೇ ನಿಂತು, ಮೆಲ್ಲಗೆ ಆರಿತು.

"ಅವತ್ತು ಶನಿವಾರ ನಾನು ಬಂದು ನಿಮ್ಮ ಹತ್ತಿರ ಕೇಳಿದ್ದೆ ಅಲ್ವಾ?"

"ಕೇಳಿದ್ರಿ."

"ಎಲ್ಲ ಸರಿ ಉಂಟಾ ಅಂತ ಕೇಳಿದ್ದೆ."

"ಹೌದ್ರಿ."

ಅವರು ಟೇಬಲ್ಲಿನ ಮೇಲಿನ ನೀರಿನ ಗುರುತನ್ನು ಅಂಗೈಯಿಂದ ಒರೆಸಿದರು. ಹೋಟೆಲಿನವರ ಕೈ, ಯಾವ ದುಃಖದಲ್ಲೂ ಟೇಬಲ್ ಒರೆಸುತ್ತದೆ. "ನೀವಾಗಿ ಬಂದು ಹೇಳಿದ್ದಕ್ಕೆ ನಾನು ದೊಡ್ಡ ಮನಸ್ಸು ಮಾಡಬೇಕು. ಗೊತ್ತುಂಟು. ಆದರೆ ಬರುವುದಿಲ್ಲ ನನಗೆ. ನೀವು ಹೇಳದೇ ಇದ್ದಿದ್ದರೆ ನಮಗೆ ಸಾಯುವ ತನಕ ಗೊತ್ತಾಗುತ್ತಿರಲಿಲ್ಲ ಅಂತ ನೆನೆಸಿದರೆ ಹೆದರಿಕೆ ಆಗ್ತದೆ. ನಾನು ನನ್ನ ಮಗಳಿಗೇ ಬೈದಿದ್ದೇನೆ. ಆಸ್ಪತ್ರೆಯಲ್ಲಿ. ನೀವು ಕುರ್ಚಿಯಲ್ಲಿ ಕೂತಿದ್ದಿರಿ."

ಶಶಿಕಾಂತ ಏಳಲು ಹೋದ.

"ಕಾಫಿ ಕುಡಿದು ಹೋಗಿ" ಎಂದರು ಕಾಂತಪ್ಪನವರು, ಎದ್ದು ಗಲ್ಲೆಗೆ ನಡೆಯುತ್ತ. ಅದು ಪ್ರೀತಿಯೋ ಶಿಕ್ಷೆಯೋ ಅವನಿಗೆ ತಿಳಿಯಲಿಲ್ಲ. ಒಬ್ಬನೇ ಕುಳಿತು, ನಾಲಿಗೆ ಸುಡುವ ಕಾಫಿಯನ್ನು ತಳದವರೆಗೆ ಕುಡಿದ. ಎದುರಿಗೆ ಎರಡನೇ ಲೋಟ ಹಾಗೆಯೇ ಆರುತ್ತಿತ್ತು.

ಆಮೇಲೆ ಮೂರು ವಾರ ಯಾರ ಸುದ್ದಿಯೂ ಇಲ್ಲ. ಕೆಂಪು ಕಾರು ಇಟ್ಟಿಗೆಯ ಮೇಲೆ ನಿಂತು ಅಂಗಡಿಯ ಅರ್ಧ ಜಾಗ ತಿಂದಿತ್ತು. ಒಯ್ಯಿರೆಂದು ಕೇಳಲು ಶಶಿಕಾಂತನಿಗೆ ಮುಖವಿರಲಿಲ್ಲ.

ಫೆಬ್ರವರಿಯ ಒಂದು ಶುಕ್ರವಾರ ಟೆಂಪೋ ಬಂದು ನಿಂತಿತು. ಒಳಗೆ ವಿಜೇತಾಳ ಹಳೆಯ ಉಕ್ಕಿನ ಚಕ್ರಗಳು, ಜೊತೆಗೆ ನಾಲ್ಕು ಹೊಸ ಸಾದಾ ಟೈರುಗಳು. ಬೇರೆ ಕಡೆ ಕೊಂಡು ತಂದಿದ್ದಳು. ಬೇರೆ ಅಂಗಡಿಯ ಆ ಟೈರು ನೋಡಿ ಶಶಿಕಾಂತನಿಗೆ ಒಳಗೆ ಕುಕ್ಕಿತು, ಆದರೆ ಅದು ನ್ಯಾಯವೇ ಆಗಿತ್ತು.

"ಹಾಕಿ" ಎಂದಳು. "ನಾನು ನೋಡ್ತೇನೆ."

ಅವಳು ಫೋನನ್ನು ಚೀಲದೊಳಗಿಟ್ಟು, ಯಂತ್ರದ ಪಕ್ಕದಲ್ಲೇ ಕೈಕಟ್ಟಿ ನಿಂತಳು. ಅಂಚಿಗೆ ಸೋಪು ಹಚ್ಚುವುದು, ಟೈರು ಕೂರಿಸುವುದು, ಗಾಳಿ ತುಂಬುವುದು, ತೂಕ ಸಮ ಮಾಡಲು ಸಣ್ಣ ಸೀಸದ ತುಂಡು ಅಂಟಿಸುವುದು, ಒಂದೊಂದನ್ನೂ ಕಣ್ಣು ಕೀಳದೆ ನೋಡಿದಳು. ಮೂವತ್ತೆರಡು ವರ್ಷದಲ್ಲಿ ಯಾರೂ ಶಶಿಕಾಂತನ ಕೈಯನ್ನು ಹಾಗೆ ಕಾದಿರಲಿಲ್ಲ. ನಟ್ಟುಗಳನ್ನು ಬಿಗಿಗೊಳಿಸುವಾಗ ಅವನಿಗೆ ಬೆವರಿತು. ಬಿಗಿದ ಮೇಲೆ ನಟ್ಟು ತಿರುಗಿಸುವ ಪಾನಾವನ್ನು ಅವಳ ಕೈಗೆ ಕೊಟ್ಟ. ಅವಳು ನಾಲ್ಕೂ ಚಕ್ರದ ನಟ್ಟುಗಳನ್ನು ತಾನೇ ಒತ್ತಿ ನೋಡಿದಳು. ಎಡ ಭುಜ ಇನ್ನೂ ಪೂರ್ತಿ ಮೇಲೇಳುತ್ತಿರಲಿಲ್ಲ.

"ಟ್ರ್ಯಾಕ್‌ಗೆ ಗಾಳಿ ಎಷ್ಟು ಇಡ್ಬೇಕು?"

"ನನಗ ಗೊತ್ತಿಲ್ಲ ತಂಗಿ. ಓಡಿದಂಗ ಬಿಸಿಯಾಗಿ ಏರತೈತಿ, ಅಷ್ಟ ಗೊತ್ತು. ಎಷ್ಟು ಏರತೈತಿ ಅಂತ ಅಲ್ಲಿ ಓಡಿಸಿದವರನ್ನ ಕೇಳು. ಆ ಸಂದೀಪನ್ನ ಕೇಳು."

ಅವಳು ತಲೆಯಾಡಿಸಿದಳು. ಡ್ರೈವರ್ ಸೀಟಿನಲ್ಲಿ ಕುಳಿತು ಬಹಳ ಹೊತ್ತು ಕಾರು ಶುರು ಮಾಡಲಿಲ್ಲ. ಶಶಿಕಾಂತ ಅವಳನ್ನು ನೋಡದೆ ನೆಲ ಗುಡಿಸಿದ. ಕೊನೆಗೆ ಎಂಜಿನ್ ಸದ್ದಾಯಿತು. ಕಾರು ಮೆಲ್ಲಗೆ, ಹೊಸದಾಗಿ ಕಲಿಯುವವರ ಹಾಗೆ ಎಳೆದು ಎಳೆದು ರಸ್ತೆಗಿಳಿಯಿತು. ಬಸ್ಸೊಂದು ಹಾರ್ನ್ ಬಾರಿಸಿದಾಗ ನಿಂತಿತು. ಮತ್ತೆ ಹೊರಟಿತು.

ಆ ಭಾನುವಾರ ಅವಳು ಗುಡ್ಡಕ್ಕೆ ಹೋದಳೋ ಇಲ್ಲವೋ ಶಶಿಕಾಂತನಿಗೆ ಯಾರೂ ಹೇಳಲಿಲ್ಲ. ಕೇಳುವ ಹಕ್ಕು ತನಗಿಲ್ಲವೆಂದು ಅವನೂ ಕೇಳಲಿಲ್ಲ. ಮಂಗಳವಾರ ಸಂಜೆ ಕಾರು ಸಿಗ್ನಲ್ಲಿನಲ್ಲಿ ನಿಂತದ್ದು ಕಂಡಿತು. ಚಕ್ರದ ಅಂಚಿನಲ್ಲಿ ಮುಂಬೈಯದಲ್ಲದ ಕೆಮ್ಮಣ್ಣು ಹತ್ತಿತ್ತು. ವಿಜೇತಾ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಮುಂದೆ ನೋಡುತ್ತಿದ್ದಳು. ಹಸಿರು ಬಿದ್ದೊಡನೆ ಹೊರಟುಹೋದಳು.

ಅವನಿಗೆ ಕಣ್ಣು ತುಂಬಿ ಬಂತು. ಆದರೆ ಅದು ಸಮಾಧಾನವಲ್ಲ ಎಂದು ಅವನಿಗೇ ಗೊತ್ತಿತ್ತು. ಕಾಂತಪ್ಪನವರ ಸ್ಕೂಟರು ಈಗ ನಾಕಾದ ಆಚೆಯ ಪೆಟ್ರೋಲ್ ಪಂಪಿನಲ್ಲಿ ಗಾಳಿ ತುಂಬಿಸಿಕೊಳ್ಳುತ್ತದೆ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿಯ ಮುಂದೆಯೇ ಹಾದುಹೋಗುತ್ತದೆ. ಅಷ್ಟು ಹೊತ್ತಿಗೆ ಶಶಿಕಾಂತ ಏನೇ ಕೆಲಸವಿದ್ದರೂ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಾನೆ. ಅವರು ಇನ್ನೂ ಒಮ್ಮೆಯೂ ಇತ್ತ ತಿರುಗಿಲ್ಲ.